ಜೊತೆತುತ್ತು

“ನೀನು ಮರಳೋ ತನಕ ನಿಮ್ಮಕ್ಕನ ಒಲೆ ಮೇಲೆ ಎಸರು ಮರಳ್ತಾ ಇರುತ್ತೆ. ನಾನಿದ್ದೀನಿ, ನೀನು ಹೋಗು” ಎಂದು ನಮ್ಮತ್ತೆ ಹೊಂಬಾಳಮ್ಮ ಚೆನ್ನಾಜಿಯ ಎರಡೂ ಕೈ ಹಿಡಿದು ಮಾತು ಕೊಟ್ಟಾಗ ನಾನು ಅಲ್ಲೇ ನಿಂತಿದ್ದೆ. ಮದುವೆಯಾಗಿ ಆ ಊರಿಗೆ ಬಂದು ನನ್ನ ಕೈಯ ಅರಿಶಿನದ ಬಣ್ಣ ಇನ್ನೂ ಬಿಟ್ಟಿರಲಿಲ್ಲ. ಚೆನ್ನಾಜಿಯ ಟ್ರಂಕು ಎತ್ತಿಕೊಂಡು ಬಾ ಎಂದು ಅತ್ತೆ ಕರೆದಿದ್ದರು, ಹೋಗಿದ್ದೆ. ಊರ ಬಾಗಿಲಿನ ಆಚೆ, ಬಸ್ಸು ತಿರುಗಿಸುವ ಬಯಲಿನಲ್ಲಿ ಬಳೆಗಾರ ಮುದ್ದಯ್ಯ ನಮಗೆ ಬೆನ್ನು ಮಾಡಿ ನಿಂತು ಆಕಾಶ ನೋಡುತ್ತಿದ್ದ. ನಲವತ್ತು ದಾಟಿದ ಹೆಂಗಸು, ಬೈತಲೆಯಲ್ಲಿ ಬಿಳಿ ಕೂದಲು ಬಂದವಳು, ಬಳೆ ಮಾರುವವನ ಜೊತೆ ಸಂಸಾರ ಮಾಡಲು ಹೊರಟಿದ್ದಾಳೆ ಎಂದು ಹಗ್ಗದ ಬೀದಿ ಪೂರ್ತಿ ಬಾಗಿಲ ಸಂದಿಯಿಂದ ನೋಡಿತ್ತು. ನೋಡದಿದ್ದವಳು ಒಬ್ಬಳೇ, ಅವಳ ಅಕ್ಕ ಮಾಯಿಗಮ್ಮ. ಅವಳು ಒಳಗಿನಿಂದ ಅಗುಳಿ ಹಾಕಿಕೊಂಡಿದ್ದಳು.

ಅತ್ತೆ ಕೊಟ್ಟ ಮಾತಿನ ತೂಕ ನನಗೆ ಅವತ್ತು ತಿಳಿಯಲಿಲ್ಲ. ನನ್ನ ತವರಿನಲ್ಲಿ ನೀರು ಕುದಿಯಲು ಬೆಂಕಿ ಇದ್ದರೆ ಸಾಕಿತ್ತು. ಅಲ್ಲಿ ಹಾಗಲ್ಲ. ಒಬ್ಬರೇ ಉಣ್ಣಲು ಇಟ್ಟ ಎಸರು ಆ ಊರಿನಲ್ಲಿ ಮರಳುವುದಿಲ್ಲ. ಹೊರೆಗಟ್ಟಲೆ ಸೌದೆ ಉರಿಸಿದರೂ ನೀರು ಮಗುವಿಗೆ ಎರೆಯುವಷ್ಟು ಬೆಚ್ಚಗಾಗಿ ಅಲ್ಲಿಗೇ ನಿಲ್ಲುತ್ತದೆ. ಅಕ್ಕಿ ಹಾಕಿದರೆ ತಳದಲ್ಲಿ ಹರಳಿನ ಹಾಗೆ ಬಿದ್ದಿರುತ್ತದೆ. ಇನ್ನೊಬ್ಬರು ಬಂದು ಅದೇ ಮಡಕೆಯಿಂದ ಒಂದು ತುತ್ತಾದರೂ ಉಣ್ಣುವುದಿದ್ದರೆ ಮಾತ್ರ ಮುಚ್ಚಳ ಕುಣಿಯುತ್ತದೆ. ಇಬ್ಬರಿಗೆ ಎಂದು ಇಟ್ಟು ಒಬ್ಬರೇ ತಿಂದುಬಿಡೋಣ ಎಂದರೆ ನಡೆಯದು. ಬರುತ್ತೇನೆ ಎಂದು ಬಾಯಲ್ಲಿ ಹೇಳಿ ಬಾರದೆ ಹೋಗುವವರನ್ನು ನಂಬಿ ಇಟ್ಟರೂ ಅಷ್ಟೇ. ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ನೀರಿಗೆ ಮೊದಲೇ ಗೊತ್ತಿರುತ್ತದೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ ಗಂಡ ಸಂತೆಯಿಂದ ಊಟಕ್ಕೆ ಬರುತ್ತಾನೋ ಹೆಂಡದಂಗಡಿಗೆ ತಿರುಗುತ್ತಾನೋ ಎಂದು ಹೆಂಡತಿ ಒಲೆ ನೋಡಿಯೇ ಹೇಳುತ್ತಿದ್ದಳು. ನೀರು ಕುದಿಯುವುದಕ್ಕೂ ಹೋದವರು ತಿರುಗಿ ಬರುವುದಕ್ಕೂ ನಮ್ಮಲ್ಲಿ ಒಂದೇ ಮಾತು ಇದೆಯಲ್ಲ, ಮರಳುವುದು ಎಂದು. ಬೇರೆ ಊರುಗಳಲ್ಲಿ ಅದಕ್ಕೆ ಎರಡು ಅರ್ಥ. ಆ ಊರಿನಲ್ಲಿ ಒಂದೇ.

ಹಾಗಾಗಿ ಒಂಟಿಯಾಗಿದ್ದವರ ಊಟ ಅಲ್ಲಿ ಬೀದಿಯ ಕೆಲಸವಾಗಿತ್ತು. ಅದಕ್ಕೆ ಜೊತೆತುತ್ತು ಎನ್ನುತ್ತಿದ್ದರು. ಹೊತ್ತು ಇಳಿಯುವಾಗ ಒಂಟಿ ಮನೆಯವರು ಒಲೆ ಹೊತ್ತಿಸಿ ಬಾಗಿಲನ್ನು ಅರ್ಧ ತೆಗೆದಿಡುತ್ತಿದ್ದರು. ಅವತ್ತು ಯಾವ ಮನೆಯ ಪಾಳಿಯೋ ಆ ಮನೆಯಿಂದ ಒಬ್ಬರು ಹೋಗಿ, ಅನ್ನ ಇಳಿಯುವ ತನಕ ಕೂತು, ಒಂದು ತುತ್ತು ತಿಂದು, ಕೈ ತೊಳೆದು ಬರುತ್ತಿದ್ದರು. ಅದನ್ನು ಉಪಕಾರ ಎಂದು ತಿಂದವರೂ ಅಂದುಕೊಳ್ಳುತ್ತಿರಲಿಲ್ಲ, ಬಡಿಸಿದವರೂ ಅಂದುಕೊಳ್ಳುತ್ತಿರಲಿಲ್ಲ. ಸಂಜೆ ದಾರಿಯಲ್ಲಿ ಸಿಕ್ಕವರು ಊಟ ಆಯಿತೇ ಎಂದು ಕೇಳುವುದಿಲ್ಲ, ಎಸರು ಮರಳಿತೇ ಎಂದು ಕೇಳುತ್ತಾರೆ. ಪ್ರೀತಿ ಎಂಬ ಮಾತನ್ನು ಆ ಬೀದಿಯಲ್ಲಿ ಯಾರ ಬಾಯಲ್ಲೂ ನಾನು ಕೇಳಿದ ನೆನಪಿಲ್ಲ. ನಾನು ಹೋಗುವುದಕ್ಕೆ ಮುಂಚೆ, ಹೊಸದಾಗಿ ವರ್ಗವಾಗಿ ಬಂದ ಪೋಸ್ಟ್ ಮಾಸ್ತರು ಒಬ್ಬರು ಸೀಮೆಎಣ್ಣೆ ಸ್ಟೌವ್ ಕೆಟ್ಟಿದೆ ಎಂದು ವಾರಗಟ್ಟಲೆ ಪಿನ್ನು ಚುಚ್ಚುತ್ತ, ಬ್ರೆಡ್ಡು ತಿಂದುಕೊಂಡು ಕೂತಿದ್ದರಂತೆ. ನಮ್ಮತ್ತೆ ಹೋಗಿ ಹೊಸಲಿನ ಮೇಲೆ ಕೂತು, ನನಗೂ ಒಂದು ತುತ್ತು ಇಡಿ ಎಂದ ಕೂಡಲೇ ಪಾತ್ರೆ ಗುಳುಗುಳು ಎಂದಿತಂತೆ. ವರ್ಗವಾಗಿ ಹೋಗುವಾಗ ಆ ಮಾಸ್ತರು, ಇದು ನಿಮ್ಮ ಮಾತು ಮಾತ್ರ ಕೇಳೋದು ಎಂದು ಸ್ಟೌವನ್ನು ಅತ್ತೆಗೇ ಕೊಟ್ಟುಬಿಟ್ಟರು.

ಈಗ ನಾವಿರುವ ಊರಿನಲ್ಲಿ ಎಸರು ಯಾರಿಗಾದರೂ ಮರಳುತ್ತದೆ. ಪ್ಲಾಸ್ಟಿಕ್ ಹಗ್ಗ ಬಂದ ಮೇಲೆ ಹಗ್ಗದ ಬೀದಿಯ ಅರ್ಧ ಜನ ಹೊಟ್ಟೆಪಾಡಿಗೆ ಚದುರಿದರು, ನಾವೂ ಬಂದೆವು. ಗಾರ್ಮೆಂಟ್ಸಿನ ಪಾಳಿ ಮುಗಿಸಿ ಬಂದು, ಮಕ್ಕಳ ನಾಳೆಯ ಬಟ್ಟೆ ಬರೆ ಎಲ್ಲ ನೋಡಿ, ಕೊನೆಗೆ ನನಗೊಬ್ಬಳಿಗೇ ಎಂದು ಗ್ಯಾಸು ಹಚ್ಚಿದರೂ ನೀರು ಹಿಂದೆ ಮುಂದೆ ನೋಡದೆ ಕುದಿದುಬಿಡುತ್ತದೆ. ಪಕ್ಕದ ಮನೆಯಲ್ಲಿ ಒಬ್ಬರು ಹೆಂಗಸಿದ್ದಾರೆ. ಅವರ ಹೆಸರು ನನಗೆ ಇನ್ನೂ ಗೊತ್ತಿಲ್ಲ, ಗೊತ್ತಾಗಬೇಕಾದ ಜರೂರು ಬಂದಿಲ್ಲ.

ಮಾಯಿಗಮ್ಮ ಮತ್ತು ಚೆನ್ನಾಜಿ ನಮ್ಮ ಮನೆಯ ಪಕ್ಕದವರು. ಎರಡು ಮನೆಗೂ ನಡುವೆ ಒಂದೇ ಗೋಡೆ. ತಂದೆ ತಾಯಿ ಹೋದ ಮೇಲೆ ಅಕ್ಕ ತಂಗಿ ಇಬ್ಬರೂ ಮದುವೆಯ ಮಾತೆತ್ತದೆ ತೆಂಗಿನ ನಾರಿನ ಹಗ್ಗ ಹೊಸೆದು ಬದುಕಿದ್ದರು. ಹಗ್ಗ ಹೊಸೆಯುವುದು ಒಬ್ಬರ ಕೆಲಸವಲ್ಲ. ಒಬ್ಬರು ಕೂತು ರಾಟೆ ತಿರುಗಿಸಬೇಕು, ಇನ್ನೊಬ್ಬರು ಮಡಿಲಿನ ನಾರನ್ನು ಬಿಡುತ್ತ ಬಿಡುತ್ತ ಹಿಂದಕ್ಕೆ ನಡೆಯಬೇಕು. ಮಾಯಿಗಮ್ಮ ರಾಟೆಯವಳು, ಚೆನ್ನಾಜಿ ನಡೆಯುವವಳು. ಅಕ್ಕನ ಮುಖ ನೋಡುತ್ತಲೇ ಅಕ್ಕನಿಂದ ದೂರ ಹೋಗುತ್ತಿದ್ದಳು, ಹಗ್ಗ ಮುಗಿದ ಮೇಲೆ ಬರುತ್ತಿದ್ದಳು. ನಾರು ಎಳೆದೆಳೆದು ಅವಳ ಅಂಗೈ ಮರದ ಹಾಗಾಗಿತ್ತು. ಬೀದಿಯ ಹೆಂಗಸರಲ್ಲೆಲ್ಲ ಅವಳ ಕೈಗೆ ಬಳೆ ಇಳಿಸುವುದಕ್ಕೇ ಮುದ್ದಯ್ಯನಿಗೆ ಹೆಚ್ಚು ಹೊತ್ತು ಹಿಡಿಯುತ್ತಿತ್ತಂತೆ. ಕೊಬ್ಬರಿ ಎಣ್ಣೆ ಹಚ್ಚಿ, ಬೆರಳ ಗಿಣ್ಣು ಒತ್ತಿ, ಒಂದೂ ಒಡೆಯದ ಹಾಗೆ ಇಳಿಸುತ್ತಿದ್ದನಂತೆ. ಎಷ್ಟೋ ಹಬ್ಬಗಳು ಹಾಗೆ ಕಳೆದ ಮೇಲೆ ಒಂದು ದಿನ ಚೆನ್ನಾಜಿ ಅಕ್ಕನಿಗೆ ಹೇಳಿದಳು. ಅಕ್ಕ ರಾಟೆ ನಿಲ್ಲಿಸಿ, ಹೋಗೋದಾದರೆ ನನ್ನ ಪಾಲಿಗೆ ಸತ್ತೆ ಎಂದುಕೋ ಎಂದಳು.

ಸತ್ತೆ ಎಂದವಳು ತಂಗಿ ಹೋದ ದಿನವೇ ಸಂಜೆ ಎಸರು ಇಟ್ಟಳು, ಇಬ್ಬರಿಗೆ. ನಾಲ್ಕು ದಿನ ನೋಡ್ತಾ ಇರಿ, ಬಳೆಗಾರನ ಹಿಂದೆ ಊರೂರು ಅಲೆಯೋಕೆ ಇವಳಿಗೆ ಕಾಲೆಲ್ಲಿವೆ, ಬರ್ತಾಳೆ ಎಂದಳಂತೆ. ಎಸರು ಮರಳಲಿಲ್ಲ. ಒಲೆಗೆ ನೀರು ಚಿಮುಕಿಸಿ ಅವಲಕ್ಕಿ ನೆನೆಸಿಕೊಂಡು ತಿಂದು ಮಲಗಿದಳು. ಮಾರನೆಯ ದಿನವೂ ಇಟ್ಟಳು. ಅದರ ಮಾರನೆಯ ದಿನವೂ. ನಮ್ಮತ್ತೆ ಜೊತೆತುತ್ತಿಗೆ ಬರುತ್ತೇನೆ ಎಂದರೆ ಬೇಡ ಎಂದಳು. ಬೀದಿಯಲ್ಲಿ ಯಾರೇ ಹೋದರೂ ಬೇಡ. ಆ ಮಡಕೆಯಲ್ಲಿ ಇನ್ನೊಬ್ಬರ ತುತ್ತು ಬೆಂದರೆ ತಂಗಿ ಬರುವುದಿಲ್ಲ ಎಂದು ಒಪ್ಪಿಕೊಂಡ ಹಾಗೆ ಎಂಬುದು ಅವಳ ಲೆಕ್ಕ. ಬೇಯಿಸಿದ ಅನ್ನ ತಟ್ಟೆಯಲ್ಲಿ ಮುಚ್ಚಿ ಕಳಿಸಿದರೆ, ನಾನೇನು ಸತ್ರದಲ್ಲಿ ಬಿದ್ದಿದ್ದೀನಾ ಎಂದು ತಟ್ಟೆ ವಾಪಸ್ಸು ಬರುತ್ತಿತ್ತು.

ಗೋಡೆ ಒಂದೇ ಆದ್ದರಿಂದ ನಮಗೆ ಎಲ್ಲ ಕೇಳಿಸುತ್ತಿತ್ತು. ಸೌದೆ ಮುರಿಯುವ ಸದ್ದು, ಊದುಕೊಳವೆಯ ಸದ್ದು, ಮಡಕೆಗೆ ಮುಚ್ಚಳ ಹಾಕಿದ ಸದ್ದು, ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದನ್ನು ಕೇಳುತ್ತ ನಾವು ಉಣ್ಣಬೇಕಾಗಿತ್ತು. ನನ್ನ ಗಂಡ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದ. ಅತ್ತೆ ಅನ್ನದಲ್ಲಿ ಬೆರಳಾಡಿಸುತ್ತ, ಮಾತು ಕೊಟ್ಟಿದ್ದೀನಲ್ಲೇ ಇಂದ್ರಿ, ಮಾತು ಕೊಟ್ಟಿದ್ದೀನಿ ಎನ್ನುತ್ತಿದ್ದರು. ನಮ್ಮ ಕಣ್ಣೆದುರೇ ಮಾಯಿಗಮ್ಮನ ತೋಳಿನ ರವಿಕೆ ಸಡಿಲವಾಗುತ್ತ ಹೋಯಿತು. ಒಬ್ಬಳೇ ರಾಟೆ ತಿರುಗಿಸಲಾಗದೆ ಕೂತಲ್ಲೇ ತೊಡೆಯ ಮೇಲೆ ದನದ ಮೂಗುದಾರಕ್ಕಾಗುವ ಹುರಿ ಹೊಸೆಯುತ್ತಿದ್ದಳು. ಹೊಸೆದು ಎದ್ದು ನಿಂತರೆ ಗೋಡೆ ಹಿಡಿದುಕೊಳ್ಳುತ್ತಿದ್ದಳು.

ಅತ್ತೆಗೆ ಹೊಳೆದ ಉಪಾಯವನ್ನು ಅವರು ನನಗೆ ಹೇಳಲಿಲ್ಲ, ಆಮೇಲೆ ತಿಳಿಯಿತು. ನೀರು ಹೆಸರು ಕೇಳುವುದಿಲ್ಲ, ಬಾಯಿ ಕೇಳುತ್ತದೆ. ಇನ್ನೊಂದು ಬಾಯಿ ಬಂದರಾಯಿತು ಎಂದುಕೊಂಡರು. ಮಾಯಿಗಮ್ಮನನ್ನು ಕೇಳುವುದೇ ಬೇಡ, ಸುಮ್ಮನೆ ಇವತ್ತು ಹೋಗಿ ಅವಳ ಮಡಕೆಯಿಂದ ಒಂದು ತುತ್ತು ತಿಂದೇ ಬರುತ್ತೇನೆ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡರು. ಬೇರೆ ಯಾವ ಊರಿನವರಿಗೂ ಅಂಥ ತಪ್ಪು ಮಾಡಲು ಬರುತ್ತಿರಲಿಲ್ಲ.

ಅವತ್ತು ಸಂಜೆ ಗೋಡೆಯ ಆಚೆ ಮುಚ್ಚಳ ಕುಣಿಯಿತು. ನಾನು ಮೊರ ಹಿಡಿದವಳು ಹಾಗೇ ನಿಂತೆ. ಆಮೇಲೆ ಮಾಯಿಗಮ್ಮ ಬೀದಿಗೆ ಓಡಿಬಂದಳು. ಅವಳು ಓಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ತುರುಬು ಬಿಚ್ಚಿತ್ತು. ಹಣೆಗೆ ಕೈ ಅಡ್ಡ ಇಟ್ಟು ಊರ ಬಾಗಿಲ ಕಡೆ ನೋಡಿದಳು, ಮತ್ತೆ ಒಳಗೆ ಓಡಿದಳು. ಒರಳಿನ ಸದ್ದು ಕೇಳಿಸಿತು. ಹುರಳಿ ಸಾರಿನ ಒಗ್ಗರಣೆ ಬೀದಿಗೆಲ್ಲ ಹಬ್ಬಿತು, ಅದೆಂದರೆ ಚೆನ್ನಾಜಿಗೆ ಜೀವ. ಜಗಲಿ ಸಾರಿಸಿದಳು. ತಂಗಿ ಬಿಟ್ಟುಹೋಗಿದ್ದ ಚೌಕಳಿ ಸೀರೆಯನ್ನು ಕೊಡವಿ ನುಲಿಮಂಚದ ಮೇಲೆ ಹಾಸಿದಳು. ಎರಡು ತಟ್ಟೆ ತೊಳೆದು ಎದುರು ಬದುರು ಇಟ್ಟಳು. ಬಾಗಿಲ ಎರಡೂ ರೆಕ್ಕೆ ತೆಗೆದು ಹೊಸಲ ಮೇಲೆ ಕೂತಳು.

ಅದೇ ಹೊತ್ತಿಗೆ ಅತ್ತೆ ನಾರು ಕೊಡವಿಕೊಂಡು ಅಲ್ಲಿಗೆ ಹೋದರು. ನಾನು ಹಿಂದೆಯೇ ಇದ್ದೆ. ಆ ಸೀರೆ, ಆ ಎರಡು ತಟ್ಟೆ ಕಂಡ ಕೂಡಲೇ ಅತ್ತೆಗೆ ತಾವು ಮಾಡಿದ್ದು ಏನು ಎಂದು ತಿಳಿಯಿತು. ಹಿಂದಕ್ಕೆ ತಿರುಗುವ ಹಾಗಿರಲಿಲ್ಲ. ಎಸರು ಮರಳಿಯಾಗಿತ್ತು, ಅವರು ತಿನ್ನುವುದು ಆಗಲೇ ಆಗಿಹೋದ ಮಾತು. ಮಾಯಿಗಮ್ಮ ಅವರ ಮುಖ ನೋಡಿದಳು, ಅವರ ಹಿಂದಿನ ಬೀದಿ ನೋಡಿದಳು, ಮತ್ತೆ ಮುಖ ನೋಡಿದಳು.

“ನೀನಾ” ಎಂದಳು.

ಅತ್ತೆ ತಲೆ ತಗ್ಗಿಸಿದರು. ಮಾಯಿಗಮ್ಮ ಬೈಯಲಿಲ್ಲ. ಅತ್ತೆಯನ್ನು ಕೂರಿಸಿ ಬಿಸಿ ಅನ್ನ ಬಡಿಸಿ, ಹುರಳಿ ಸಾರು ಬಿಟ್ಟು, ಅವರು ತಿನ್ನುವುದನ್ನು ಎದುರಿಗೆ ಕೂತು ನೋಡಿದಳು. ಅತ್ತೆ ತಟ್ಟೆಯಲ್ಲಿದ್ದಷ್ಟನ್ನೂ ತಿಂದರು. ಆಮೇಲೆ ಮಾಯಿಗಮ್ಮ ತನ್ನ ಪಾಲಿನ ಅನ್ನವನ್ನು ಮಡಕೆಯೊಂದಿಗೆ ಎತ್ತಿಕೊಂಡು ಹೋಗಿ ಎದುರು ಮನೆಯ ಎಮ್ಮೆಯ ಮುಸುರೆ ಬಾನಿಗೆ ಸುರಿದಳು. ಮಡಕೆ ತೊಳೆದು ಕವುಚಿ ಹಾಕಿದಳು. ಮಾರನೆಯ ದಿನದಿಂದ ಎಸರು ಇಡುವುದನ್ನೇ ಬಿಟ್ಟಳು. ಗೋಡೆಯ ಆಚೆ ಸೌದೆ ಮುರಿಯುವ ಸದ್ದೂ ನಿಂತಿತು.

ಅದಾದ ಮೇಲೆ ಅತ್ತೆ ಮೊದಲಿನ ಹಾಗೆ ಆಗಲಿಲ್ಲ. ನನಗೆ ದೊಡ್ಡವಳು ಹುಟ್ಟಿ ಅಂಬೆಗಾಲಿಡುವ ಹೊತ್ತಿಗೆ ಹಾಸಿಗೆ ಹಿಡಿದರು. ಕೊನೆಕೊನೆಗೆ ಮಾತು ತೊದಲುತ್ತಿತ್ತು. ಒಂದು ಮಧ್ಯಾಹ್ನ ನನ್ನ ಕೈ ಎಳೆದುಕೊಂಡು, “ನಾನು ಅವಳ ಆಸೇನೇ ಬೇಯಿಸಿಬಿಟ್ಟೆ ಕಣೆ. ನೀನು ನೋಡ್ಕೋ. ಹೆಂಗಾದರೂ ಉಣ್ಣಲಿ ಅವಳು” ಎಂದರು. ನಾನು ಹೂಂ ಎಂದೆ. ಸಾಯುವವರಿಗೆ ಇಲ್ಲ ಎನ್ನಲು ಆಗುತ್ತದೆಯೇ.

ಆದರೆ ನೋಡಿಕೊಳ್ಳಲು ನನಗೆ ಕೈಯೆಲ್ಲಿತ್ತು? ಗಂಡ ಹಗ್ಗದ ಗಾಡಿ ಹೊಡೆದುಕೊಂಡು ಸಂತೆ ಸಂತೆ ತಿರುಗುತ್ತಿದ್ದ. ಬೆಳಗಿನಿಂದ ನಾರಿನ ಹೊಂಡದಲ್ಲಿ ನೆನೆದ ಸಿಪ್ಪೆ ಬಡಿಯುವುದು, ಬಿಸಿಲೇರಿದ ಮೇಲೆ ಹಗ್ಗ ಹೊಸೆಯುತ್ತ ಹಿಂದಕ್ಕೆ ನಡೆಯುವುದು, ನಡುವೆ ಓಡಿಬಂದು ಎರಡನೆಯವನಿಗೆ ಹಾಲು ಕೊಡುವುದು. ಮಾಯಿಗಮ್ಮ ಜಗಲಿಯ ಮೇಲೆ ಕೂತು ಹುರಿ ಹೊಸೆಯುತ್ತಿದ್ದಳು. ದಿನವೂ ಮಾತಾಡಿಸುತ್ತಿದ್ದೆ, ಅಷ್ಟೇ. ಅವಳು ಅವಲಕ್ಕಿ, ಕಡಲೆ, ಬಾಳೆಹಣ್ಣಿನ ಮೇಲೆ ಬದುಕಿದ್ದಳು. ಬದುಕಿದ್ದಳು ಎಂದರೆ ಕಣ್ಣು ಮಾತ್ರ. ಬೀದಿಯವರು ಇನ್ನೊಂದು ಚಳಿಗಾಲ ಅವಳು ಕಾಣುವುದಿಲ್ಲ ಎಂದು ನನ್ನ ಎದುರೇ ಹೇಳುತ್ತಿದ್ದರು.

ಬೀದಿಯ ಕೊನೆಗೆ ಸುಣ್ಣದ ಗೂಡಿನ ಬೆಟ್ಟಯ್ಯ ಎಂಬ ಮುದುಕನಿದ್ದ. ಸುಣ್ಣ ಸುಟ್ಟು ಸುಟ್ಟು ಕಣ್ಣು ಮಂಜಾಗಿದ್ದವು. ಹೆಂಡತಿ ಹೋಗಿ ಬಹಳ ಕಾಲವಾಗಿತ್ತು, ತಾನೇ ಬೇಯಿಸಿಕೊಳ್ಳುತ್ತಿದ್ದ, ಕೋಳಿಗಳ ಜೊತೆ ಮಾತಾಡುತ್ತಿದ್ದ. ಅವನ ಜೊತೆತುತ್ತಿನ ಪಾಳಿ ನಮ್ಮ ಮನೆಗೆ ಬಂದ ಒಂದು ದಿನ ಸಣ್ಣವನಿಗೆ ವಾಂತಿ ಭೇದಿ ಶುರುವಾಯಿತು. ಗಂಡ ಊರಲ್ಲಿರಲಿಲ್ಲ. ಬೀದಿಯವರೆಲ್ಲ ಕುಂಬಾರಗೇರಿಯ ಮದುವೆಗೆ ಹೋಗಿದ್ದರು. ದೊಡ್ಡವಳು ಸೆರಗು ಹಿಡಿದು ಅಳುತ್ತಿದ್ದಳು. ಹೊತ್ತು ಮುಳುಗುತ್ತಿತ್ತು, ಬೆಟ್ಟಯ್ಯನ ಮನೆಯ ಹೊಗೆ ಆಗಲೇ ಎದ್ದಿತ್ತು. ಅವನನ್ನು ಬಿಟ್ಟರೆ ಬೀದಿಯಲ್ಲಿ ಉಳಿದ ದೊಡ್ಡವರು ನಾನು ಮತ್ತು ಮಾಯಿಗಮ್ಮ. ನಾನು ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಅವಳ ಜಗಲಿಯ ಎದುರು ನಿಂತೆ. ಯಾವ ಉಪಾಯವೂ ನನ್ನ ತಲೆಯಲ್ಲಿರಲಿಲ್ಲ. ನನಗೆ ಸಾಕಾಗಿತ್ತು.

ಬೆಟ್ಟಯ್ಯನ ಮನೆಗೆ ನೀನು ಹೋಗು, ನನ್ನ ಕೈಲಾಗುವುದಿಲ್ಲ ಎಂದೆ. ನಾನ್ಯಾಕೆ ಹೋಗಲಿ ಎಂದಳು, ಹುರಿಯಿಂದ ತಲೆ ಎತ್ತದೆ.

“ಮಗು ವಾಂತಿ ಮಾಡ್ತಾ ಐತೆ, ಆ ಮುದುಕ ಒಲೆ ಮುಂದೆ ಕೂತವ್ನೆ. ಹೋಗೋದಾದರೆ ಹೋಗು, ಇಲ್ಲಾಂದ್ರೆ ಬಿಡು ಮಾಯಿಗಕ್ಕ. ನಿಂತು ಬೇಡೋ ಅಷ್ಟು ತ್ರಾಣ ನನಗಿಲ್ಲ ಇವತ್ತು” ಎಂದು ಹೇಳಿ ಒಳಗೆ ಬಂದುಬಿಟ್ಟೆ.

ಹೋದಳೋ ಇಲ್ಲವೋ ನೋಡಲು ನನಗೆ ಪುರಸೊತ್ತಾಗಲಿಲ್ಲ. ಮಗುವಿಗೆ ಉಪ್ಪು ಸಕ್ಕರೆ ನೀರು ಕುಡಿಸಿ, ಒದ್ದೆ ಬಟ್ಟೆ ಬದಲಿಸಿ, ಅದಕ್ಕೆ ನಿದ್ದೆ ಹತ್ತಿದ ಮೇಲೆ ತಲೆ ಎತ್ತಿದರೆ ಬಾಗಿಲಲ್ಲಿ ಮಾಯಿಗಮ್ಮ ನಿಂತಿದ್ದಳು. ಬಾಯಿ ಒರೆಸಿಕೊಳ್ಳುತ್ತಿದ್ದಳು. ಆ ಬೆಟ್ಟಯ್ಯ ಸಾರಿಗೆ ಹುಣಸೆಹಣ್ಣನ್ನೇ ಹಾಕುವುದಿಲ್ಲವಲ್ಲ, ಇಷ್ಟು ವರ್ಷ ನೀವೆಲ್ಲ ಅದನ್ನು ಹೆಂಗೆ ತಿಂದಿರಿ ಎಂದು ಕೇಳಿದಳು. ಮಗುವಿನ ಹಣೆ ಮುಟ್ಟಿ ನೋಡಿ ಹೋದಳು. ಒಂದು ತುತ್ತಲ್ಲ, ಎರಡು ತಟ್ಟೆ ಉಂಡಳು ಎಂದು ಬೆಟ್ಟಯ್ಯ ಆಮೇಲೆ ತನ್ನ ಕೋಳಿಗಳಿಗೆ ಹೇಳುತ್ತಿದ್ದುದನ್ನು ನಾನೇ ಕೇಳಿಸಿಕೊಂಡೆ.

ಮರುದಿನ ಮಾಯಿಗಮ್ಮ ತಾನಾಗಿ ಬಂದು ಬೆಟ್ಟಯ್ಯನ ಮನೆಗೆ ಇವತ್ತು ಯಾರ ಪಾಳಿ ಎಂದು ಕೇಳಿದಳು. ಹೇಳಿದೆ. ಎದುರು ಮನೆಯವಳಿಗೇನು ಗೊತ್ತು ಸಾರು ಸಂಬಾರ, ನಾನೇ ಹೋಗುತ್ತೇನೆ ಎಂದು ಸೆರಗಿನ ತುದಿಗೆ ಹುಣಸೆಹಣ್ಣು ಕಟ್ಟಿಕೊಂಡು ಹೊರಟಳು. ತನ್ನ ಮಡಕೆಯಲ್ಲಿ ಇನ್ನೊಬ್ಬರು ಉಣ್ಣಬಾರದು, ಇನ್ನೊಬ್ಬರ ಮಡಕೆಯಲ್ಲಿ ತಾನು ಉಂಡರೆ ತಪ್ಪಿಲ್ಲ. ಆ ತರ್ಕವನ್ನು ಅವಳು ಯಾರಿಗೂ ಬಿಡಿಸಿ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಕೆಲವೇ ದಿನದಲ್ಲಿ ಬೀದಿಯ ಎಲ್ಲ ಒಂಟಿ ಮನೆಗಳ ಪಾಳಿಯೂ ಅವಳದೇ ಆಯಿತು. ಆಮೇಲೆ ಪಕ್ಕದ ಬೀದಿಯದೂ. ಬಾಣಂತನಕ್ಕೆ ಹೆಂಡತಿಯನ್ನು ಕಳಿಸಿದ ಗಂಡಸರು, ಕಣ್ಣು ಕಾಣದ ಮುದುಕಿಯರು, ಮಗ್ಗದ ಶೆಡ್ಡಿನ ಹುಡುಗರಲ್ಲಿ ಜ್ವರ ಬಂದು ಹಿಂದೆ ಉಳಿದವನು, ಎಲ್ಲರ ಮನೆಗೂ ಹೊತ್ತು ಇಳಿದ ಮೇಲೆ ಮಾಯಿಗಮ್ಮ ಬರುತ್ತಿದ್ದಳು. ಒಂದೊಂದು ಮನೆಯಲ್ಲಿ ಒಂದೊಂದು ತುತ್ತು, ಹಸಿವಾದ ಮನೆಯಲ್ಲಿ ಒಂದು ತಟ್ಟೆ. ಜೊತೆಗೆ ಒಂದೊಂದು ಬೈಗುಳ. ನಿನ್ನ ಅನ್ನ ಅಂಟು, ನಿನ್ನ ಗೊಜ್ಜಿಗೆ ಬೆಲ್ಲ ಸಾಲದು, ಈ ಮಡಕೆಗೆ ಬೂದಿ ಹಾಕಿ ಉಜ್ಜಿ ಎಷ್ಟು ಕಾಲವಾಯಿತು. ಬೈದವಳೇ ಎದ್ದು ಉಜ್ಜುತ್ತಿದ್ದಳು. ಜ್ವರದವನಿಗೆ ಗಂಜಿ ಬಸಿದು, ಮುದುಕಿಯ ತಲೆ ಬಾಚಿ, ಬೆಟ್ಟಯ್ಯನ ಕಣ್ಣಿಗೆ ಔಷಧಿ ಹಾಕಿ ಬರುತ್ತಿದ್ದಳು. ಅವಳು ಬರುತ್ತಾಳೆ ಎಂದು ಒಂಟಿ ಗಂಡಸರು ಅಡುಗೆ ಕಲಿತರು. ಅವಳ ರವಿಕೆ ತೋಳಿಗೆ ಸರಿಯಾಯಿತು, ಆಮೇಲೆ ಬಿಗಿಯಾಯಿತು. ನನ್ನ ಇಬ್ಬರು ಮಕ್ಕಳೂ ಅವಳ ಬೈಗುಳ ಕೇಳಿಕೊಂಡೇ ಬೆಳೆದರು. ಈಗ ಯಾರಾದರೂ ಆ ಊರಿನಲ್ಲಿ ನಿನಗೇನು ಚೆನ್ನಾಗಿತ್ತು ಎಂದು ಕೇಳಿದರೆ ನನಗೆ ನೆನಪಾಗುವುದು ಆ ಸಂಜೆಗಳು. ನಾರಿನ ವಾಸನೆ, ಒಂದೊಂದೇ ಮನೆಯಲ್ಲಿ ಮುಚ್ಚಳ ಕುಣಿಯುವ ಸದ್ದು, ಅದರ ಹಿಂದೆಯೇ ಮಾಯಿಗಮ್ಮನ ದನಿ. ಯಾವ ಮನೆಯ ತನಕ ಬಂದಳು ಎಂದು ಕೂತಲ್ಲೇ ಗೊತ್ತಾಗುತ್ತಿತ್ತು.

ಅವಳ ಸ್ವಂತ ಒಲೆ ಮಾತ್ರ ಹಾಗೇ ಇತ್ತು. ಅದರೊಳಗೆ ಬೆಕ್ಕು ಮರಿ ಹಾಕಿತ್ತು.

ಹಾಗೆ ವರ್ಷಗಳು ಹೋದ ಮೇಲೆ ಒಂದು ಮಧ್ಯಾಹ್ನ ಚೆನ್ನಾಜಿ ಬಂದಳು. ನನಗೆ ಗುರುತೇ ಸಿಗಲಿಲ್ಲ. ತಲೆಯೆಲ್ಲ ಬೆಳ್ಳಗೆ, ಕೈಯಲ್ಲಿ ಒಂದೂ ಬಳೆ ಇಲ್ಲ. ಮುದ್ದಯ್ಯ ಹೋಗಿ ಆರು ತಿಂಗಳಾಯಿತು ಎಂದಳು. ಒಳ್ಳೆಯವನಾಗಿದ್ದ ಎಂದಳು. ಹೊಂಬಾಳಮ್ಮ ಎಲ್ಲಿ ಎಂದು ಕೇಳಿದಳು, ತೀರಿಕೊಂಡರು ಎಂದೆ. ಮಾಯಿಗಮ್ಮ ಆ ಹೊತ್ತಿಗೆ ಯಾವುದೋ ಬಾಣಂತಿಯ ಮನೆಯಲ್ಲಿದ್ದಳು. ಸುದ್ದಿ ಅವಳಿಗೆ ಮುಟ್ಟಿತು, ಅವಳು ಮನೆಗೆ ಬರಲಿಲ್ಲ. ನನಗೆ ತಂಗಿ ಇಲ್ಲ, ಸತ್ತಳು, ಯಾರೋ ದಾರಿ ತಪ್ಪಿ ಬಂದಿರಬೇಕು ಎಂದಳಂತೆ.

ಚೆನ್ನಾಜಿ ಯಾರನ್ನೂ ಬೇಡಿಕೊಳ್ಳಲಿಲ್ಲ. ಬೆಕ್ಕಿನ ಮರಿಗಳನ್ನು ಎತ್ತಿ ಬುಟ್ಟಿಗೆ ಹಾಕಿದಳು, ಒಲೆಯ ಬೂದಿ ಗೋರಿ ಸಾರಿಸಿದಳು, ಕವುಚಿದ್ದ ಮಡಕೆ ತೊಳೆದು ಎಸರು ಇಟ್ಟಳು. ಬಾಗಿಲು ಅರ್ಧ ತೆಗೆದು ಒಲೆಯ ಮುಂದೆ ಕೂತಳು. ಬೀದಿಗೆ ಅತ್ತೆ ಮಾಡಿದ ಎಡವಟ್ಟು ಇನ್ನೂ ನೆನಪಿತ್ತು. ನಾವು ಯಾರಾದರೂ ಹೋಗಬೇಕು ಎಂದುಕೊಂಡರೆ ಸಾಕು, ನೀರು ಮರಳಿಬಿಡುತ್ತದೆ, ಅವಳು ಅಕ್ಕ ಬರುತ್ತಾಳೆ ಎಂದು ತಿಳಿಯುತ್ತಾಳೆ. ಅದಕ್ಕೇ ಎಲ್ಲರೂ ಹೋಗುವುದಿಲ್ಲ ಎಂದು ಮನಸ್ಸು ಗಟ್ಟಿ ಮಾಡಿಕೊಂಡರು. ಒಬ್ಬಳು ಹಸಿದು ಕೂತಿರುವಾಗ ಹೋಗುವುದಿಲ್ಲ ಎಂದುಕೊಳ್ಳುವುದು ಆ ಬೀದಿಯಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ. ಹೆಂಗಸರು ಮನೆಯೊಳಗೆ ಸುಮ್ಮನೆ ಪಾತ್ರೆ ಕುಕ್ಕುತ್ತಿದ್ದರು. ನಾನು ಕಂಬಕ್ಕೆ ಒರಗಿ ಕೂತೆ. ಗೋಡೆಯ ಆಚೆ ಸೌದೆ ಮುರಿದ ಸದ್ದು, ಊದುಕೊಳವೆಯ ಸದ್ದು, ಮುಚ್ಚಳ ಹಾಕಿದ ಸದ್ದು. ಆಮೇಲೆ ಏನೂ ಇಲ್ಲ.

ಮಾಯಿಗಮ್ಮ ತನ್ನ ಮನೆಗಳನ್ನೆಲ್ಲ ಮುಗಿಸಿಕೊಂಡು ಬಂದಳು. ತನ್ನ ಬಾಗಿಲು ದಾಟಿ, ಆ ಕಡೆ ಕತ್ತು ತಿರುಗಿಸದೆ, ನಮ್ಮ ಜಗಲಿಗೆ ಬಂದು ಕೂತಳು. ಇವತ್ತು ಇಲ್ಲೇ ಮಲಗುತ್ತೇನೆ ಎಂದಳು. ನಾನು ಒಂದು ಚಾಪೆ ತಂದು ಹಾಕಿದೆ. ಅವಳು ಮಲಗಲಿಲ್ಲ. ಬೆಟ್ಟಯ್ಯನ ಕಣ್ಣಿನ ವಿಷಯ ಮಾತಾಡಿದಳು, ಬಾಣಂತಿಗೆ ಹಾಲು ಸಾಲದ ವಿಷಯ ಮಾತಾಡಿದಳು. ನಾನು ಹೊಂಡದಲ್ಲಿ ದಿನವಿಡೀ ನಿಂತು ಬಂದವಳು, ಸೊಂಟ ಬಿದ್ದುಹೋಗುತ್ತಿತ್ತು. ತಂಗಿ, ಕರುಳು, ಕ್ಷಮೆ ಎಂದು ಅವಳಿಗೆ ಬುದ್ಧಿ ಹೇಳುವ ವಯಸ್ಸೂ ನನ್ನದಲ್ಲ.

“ನಿನಗೆ ತಂಗಿ ಇದ್ದರೆ ಇರಲಿ, ಸತ್ತಿದ್ದರೆ ಸಾಯಲಿ ಮಾಯಿಗಕ್ಕ” ಎಂದೆ. “ಈ ಬೀದೀಲಿ ಒಬ್ಬಳು ಒಂಟಿ ಎಸರು ಇಟ್ಕೊಂಡು ಕೂತವ್ಳೆ. ಅವಳ ಪಾಳಿ ಯಾರದು, ಅಷ್ಟು ಹೇಳು. ನಾನು ಮಲಗಬೇಕು.”

ಮಾಯಿಗಮ್ಮ ಚಾಪೆಯ ಅಂಚಿನ ನಾರನ್ನು ಕಿತ್ತು ಕಿತ್ತು ತೊಡೆಯ ಮೇಲೆ ಹೊಸೆಯತೊಡಗಿದಳು. ಅವಳು ಇನ್ನೂ ಹಾಗೆ ಕೂತಿರುವಾಗಲೇ ಗೋಡೆಯ ಆಚೆ ಮುಚ್ಚಳ ಒಮ್ಮೆ ಅಲುಗಿತು. ನಿಂತಿತು. ಆಮೇಲೆ ಬಿಡದೆ ಕುಣಿಯಿತು. ಎದುರು ಮನೆಯಲ್ಲಿ ಪಾತ್ರೆ ಕುಕ್ಕುವ ಸದ್ದು ತಟ್ಟನೆ ನಿಂತಿತು. ನಾನು ಮಾಯಿಗಮ್ಮನ ಮುಖ ನೋಡಿದೆ.

“ಅದರ ಬಾಯಿಗಿಷ್ಟು ಮಣ್ಣು ಹಾಕ” ಎಂದು ಅವಳು ನೀರನ್ನು ಬೈದಳು. “ನಾನಿನ್ನೂ ಎದ್ದೇ ಇಲ್ಲ.”

ಬೈದು ಎದ್ದಳು. ಸೀರೆಗೆ ಅಂಟಿದ ನಾರು ಕೊಡವಿಕೊಂಡು, ಬೇರೆ ಒಂಟಿ ಮನೆಗಳಿಗೆ ಹೋಗುವ ಹಾಗೇ ಹೋಗಿ, ಅರ್ಧ ತೆಗೆದ ತನ್ನ ಮನೆಯ ಬಾಗಿಲ ಚಿಲಕ ಕುಟ್ಟಿದಳು. ಆಮೇಲೆ, ಅಕ್ಕಿ ಇಷ್ಟು ಯಾಕೆ ಹಾಕಿದ್ದೀಯ, ಈ ಮನೆಯಲ್ಲಿ ಮದುವೆಯೇ ಎಂದು ಮಾಯಿಗಮ್ಮ ಗದರಿದ್ದು ಕೇಳಿಸಿತು. ಅದಕ್ಕೆ ಚೆನ್ನಾಜಿ ಏನೋ ಹೇಳಿದಳು. ತಟ್ಟೆಗಳ ಸದ್ದಾಯಿತು.

ತಾನು ಮರಳುವ ತನಕ ಅಕ್ಕನ ಒಲೆಯ ಮೇಲೆ ಎಸರು ಮರಳುತ್ತಿತ್ತೇ ಎಂದು ಚೆನ್ನಾಜಿ ಮರುದಿನ ಬೆಳಗ್ಗೆ ನನ್ನನ್ನು ಕೇಳಿದಳು. ಒಂದೇ ಒಂದು ಸಲ ಎಂದೆ. ನಮ್ಮತ್ತೆ ಕೊಟ್ಟ ಮಾತು ಉಳಿದಿರಲಿಲ್ಲ.